ಊಟದ ಮೇಜಿಗೆ ಡೇರೆ, ಬುಡಕ್ಕೆ ಬಾಳೆದಿಂಡು

ನಮ್ಮ ಮನೆಗೆ ಎಂಟು ಜನ ಕೂರುವ ಊಟದ ಮೇಜು ಬಂದು ಹನ್ನೆರಡು ವರ್ಷವಾಯಿತು. ಅದು ಬಂದ ವರ್ಷವೇ ನಾದಿನಿಯ ಬಯಕೆ ಊಟ. ಸಾಗರದ ಪೇಟೆಯಿಂದ ಗ್ಲ್ಯಾಡಿಯೋಲಸ್, ಸುಗಂಧರಾಜ ಮತ್ತು ಹೂ ಚುಚ್ಚುವ ಹಸಿರು ಸ್ಪಂಜಿನ ತುಂಡು ತಂದು, ಮೇಜಿನ ನಡುವೆ ಎರಡಡಿ ಎತ್ತರದ ಅಲಂಕಾರ ಮಾಡಿದೆ. ನೋಡಿದವರೆಲ್ಲ ಹೊಗಳಿದರು. ಆದರೆ ಊಟಕ್ಕೆ ಕುಳಿತ ಮೇಲೆ ಆಚೆ ಬದಿಯವರ ಮುಖ ಈಚೆಯವರಿಗೆ ಕಾಣಲಿಲ್ಲ. ಸುಗಂಧರಾಜದ ಕಂಪಿನ ಮುಂದೆ ಬಿಸಿ ಅನ್ನದ ತುಪ್ಪದ ಪರಿಮಳವೂ ನಿಲ್ಲಲಿಲ್ಲ. ಮಾವನವರು ಏನೂ ಹೇಳದೆ ಎದ್ದು, ಹೂದಾನಿಯನ್ನು ಎತ್ತಿ ಜಗಲಿಯಲ್ಲಿಟ್ಟು ಬಂದರು. ಆಗ ತುಂಬಾ ಬೇಸರವಾಗಿತ್ತು. ಅವರು ಮಾಡಿದ್ದೇ ಸರಿ ಎಂದು ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ಅಂದಿನಿಂದ ಊಟದ ಮೇಜಿಗೆ ಎರಡು ಕಟ್ಟುಪಾಡು ಹಾಕಿಕೊಂಡೆ. ಎತ್ತರ ಒಂದು ಗೇಣು ದಾಟಬಾರದು. ಗಾಢ ವಾಸನೆಯ ಹೂವು ಬೇಡ. ಮಲ್ಲಿಗೆ, ಸಂಪಿಗೆ, ಸುಗಂಧರಾಜಕ್ಕೆಲ್ಲ ಬಾಗಿಲ ಬಳಿಯ ಟೀಪಾಯಿಯೇ ತಕ್ಕ ಜಾಗ. ಬರುವವರನ್ನು ಅವು ಅಲ್ಲಿಂದಲೇ ಕರೆಯುತ್ತವೆ.

ಸ್ಪಂಜನ್ನೂ ಬಿಟ್ಟೆ. ಅದು ಪ್ಲಾಸ್ಟಿಕ್ ಜಾತಿಯದು, ಉಜ್ಜಿದರೆ ಪುಡಿಯಾಗುತ್ತದೆ, ಮಣ್ಣಿಗೆ ಹಾಕಿದರೆ ಕೊಳೆಯುವುದಿಲ್ಲ. ಅದರ ಬದಲಿಗೆ ಏನು ಬಳಸಬಹುದೆಂಬುದು ನನಗೆ ಸಿಕ್ಕಿದ್ದು ಪಕ್ಕದ ಮನೆಯ ಸತ್ಯನಾರಾಯಣ ಪೂಜೆಯಲ್ಲಿ. ಮಂಟಪದ ಬಾಳೆದಿಂಡಿಗೆ ಸೇವಂತಿಗೆ ಚುಚ್ಚಿದ್ದರು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಹೂವು ಹಾಗೇ ಇತ್ತು. ದಿಂಡಿನ ಪಟ್ಟೆಗಳ ಒಳಗೆ ಸಣ್ಣ ಸಣ್ಣ ಗೂಡುಗಳಿರುತ್ತವೆ, ತುಂಬ ನೀರು. ಅದನ್ನೇ ಮೇಜಿಗೆ ತಂದರಾಯಿತು ಎನ್ನಿಸಿತು.

ಗೊನೆ ಕಡಿದ ಬಾಳೆಯಿಂದ ಒಂದು ಮೊಳದ ದಿಂಡು ತೆಗೆದು ಉದ್ದಕ್ಕೆ ಸೀಳುತ್ತೇನೆ. ಸೀಳಿದ ಬದಿ ಕೆಳಗೆ ಬರುವಂತೆ ಮಲಗಿಸಿದರೆ ಉರುಳುವುದಿಲ್ಲ, ಮೇಲಿನ ಉಬ್ಬಿನ ತುಂಬಾ ಹೂವು ಚುಚ್ಚಲು ಜಾಗ ಸಿಗುತ್ತದೆ. ಅಡಿಗೆ ಅಡಿಕೆಹಾಳೆ ಇಡುವುದನ್ನು ಮರೆಯಬಾರದು. ಬಾಳೆಯ ಸೊನೆ ತಗಲಿದರೆ ಮೇಜುಬಟ್ಟೆಯ ಕಲೆ ಜನ್ಮಕ್ಕೆ ಹೋಗುವುದಿಲ್ಲ. ನನ್ನದೊಂದು ಒಳ್ಳೆಯ ಬಿಳಿ ಬಟ್ಟೆ ಹಾಗೆಯೇ ಹಾಳಾಯಿತು.

ಮಳೆಗಾಲದ ನನ್ನ ಹೂವು ಡೇರೆ, ಅಂದರೆ ಡೇಲಿಯಾ. ನಮ್ಮ ಮಲೆನಾಡಿನ ಹೆಂಗಸರಿಗೆ ಡೇರೆಯ ಹುಚ್ಚು ಎಷ್ಟೆಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಬೇಸಿಗೆ ಮುಗಿಯುವ ಹೊತ್ತಿಗೆ ಗಡ್ಡೆಗಳು ಮನೆಯಿಂದ ಮನೆಗೆ ಓಡಾಡುತ್ತವೆ. ಯಾರು ಕೊಟ್ಟರೋ ಅವರ ಹೆಸರಿನಿಂದಲೇ ಆ ಬಣ್ಣವನ್ನು ಗುರುತಿಸುವುದೂ ಉಂಟು. ಆಗಸ್ಟ್‌ನಲ್ಲಿ ಅಂಗಳದ ತುಂಬಾ ಹೂವು. ಆದರೆ ಡೇರೆಯನ್ನು ಕೊಯ್ದು ಬಾಳಿಸುವುದು ಸುಲಭವಲ್ಲ. ಇದು ಗುಲಾಬಿಯಂತಲ್ಲ, ಬಿಗಿ ಮೊಗ್ಗು ಕೊಯ್ದರೆ ನೀರಿನಲ್ಲಿ ಅರಳದೆ ಹಾಗೇ ಬಾಡುತ್ತದೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಅರಳಿರಬೇಕು, ಹಿಂಬದಿಯ ಎಸಳು ಮಾತ್ರ ಇನ್ನೂ ಗಟ್ಟಿಯಾಗಿರಬೇಕು. ನಾನು ಹೂವನ್ನು ಮಗುಚಿ ನೋಡಿಯೇ ಕತ್ತರಿ ಹಾಕುವುದು.

ಬೆಳಗಿನ ಜಾವ ಕೊಯ್ದ ಹೂವನ್ನು ತಲೆಕೆಳಗಾಗಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಎಸಳ ಸಂದಿಯ ಮಳೆನೀರು ಸುರಿಯುತ್ತದೆ, ಜೊತೆಗೆ ಇರುವೆಗಳೂ ಬೀಳುತ್ತವೆ. ಈ ಕೆಲಸವನ್ನು ಅಂಗಳದಲ್ಲೇ ಮುಗಿಸಬೇಕು. ಆಮೇಲೆ ತೊಟ್ಟಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಕೈ ಚುರುಕ್ಕೆನ್ನುವಷ್ಟು ಬಿಸಿಯ ನೀರಿನಲ್ಲಿ ಎರಡು ಬೆರಳು ಮುಳುಗುವಂತೆ ನಿಲ್ಲಿಸಿ, ನೀರು ತಣಿಯುವವರೆಗೆ ಬಿಡುತ್ತೇನೆ. ಹೀಗೆ ಮಾಡಿದ ಹೂವು ಹೂದಾನಿಯಲ್ಲಿ ನಾಲ್ಕೈದು ದಿನ ಬರುತ್ತದೆ, ದಿಂಡಿನಲ್ಲಿ ಎರಡು ದಿನ. ಒಂದು ಊಟಕ್ಕೆ ಎರಡು ದಿನ ಧಾರಾಳ.

ಚುಚ್ಚುವಾಗ ಆತುರ ಬೇಡ. ಡೇರೆಯ ದಂಟು ಟೊಳ್ಳು, ನೇರವಾಗಿ ಒತ್ತಿದರೆ ಮಡಚಿಕೊಳ್ಳುತ್ತದೆ. ಮೊದಲು ಬಿದಿರುಕಡ್ಡಿಯಿಂದ ತೂತು ಮಾಡಿ, ಅದರೊಳಗೆ ದಂಟನ್ನು ತಿರುವುತ್ತಾ ಇಳಿಸಬೇಕು. ದೊಡ್ಡ ಹೂವು ಮೂರೇ ಸಾಕು. ನಡುವಿಗೆ ಸರಿಯಾಗಿ ಅಲ್ಲ, ಸ್ವಲ್ಪ ಪಕ್ಕಕ್ಕೆ. ಉಳಿದ ಜಾಗಕ್ಕೆ ಗುಂಡಿಯಂತಹ ಪುಟ್ಟ ಡೇರೆ, ಬಾವಿಕಟ್ಟೆಯ ಜರಿಗಿಡ. ಎಲ್ಲ ಬಣ್ಣ ಸೇರಿಸುವ ಆಸೆ ನನಗೂ ಇತ್ತು. ಈಗ ಕಡುಗೆಂಪು ಮತ್ತು ಬಿಳಿ, ಅಷ್ಟೇ. ಕ್ರೋಟನ್ ಎಲೆ ಸೇರಿಸಿದರೆ ಕಣ್ಣು ಅದರ ಮೇಲೇ ಹೋಗುತ್ತದೆ, ಡೇರೆ ಬಡವಾಗುತ್ತದೆ.

ಅದೇ ಕಾಲಕ್ಕೆ ಬೇಲಿಯಲ್ಲಿ ಗೌರಿಹೂವು ಬೆಂಕಿಯ ನಾಲಗೆಯಂತೆ ಅರಳಿರುತ್ತದೆ. ಎಷ್ಟು ಚಂದವಿದ್ದರೂ ಮೇಜಿಗೆ ತರುವುದಿಲ್ಲ. ಅದರ ಗಡ್ಡೆಯಷ್ಟೇ ಅಲ್ಲ, ಇಡೀ ಗಿಡವೇ ವಿಷ. ಕಣಗಿಲೆಯೂ ಹಾಗೆಯೇ. ಮಕ್ಕಳು ಉಣ್ಣುವ ಜಾಗದಲ್ಲಿ ಎಸಳೊಂದು ತಟ್ಟೆಗೆ ಬಿದ್ದರೆ ಏನು ಗತಿ?

ದೀಪಾವಳಿಯ ಹೊತ್ತಿಗೆ ಸೇವಂತಿಗೆ, ಚೆಂಡುಹೂವು, ಜೊತೆಗೆ ಗದ್ದೆಯಿಂದ ನಾಲ್ಕು ಭತ್ತದ ತೆನೆ. ಹಿತ್ತಾಳೆಯ ಸೇರಿನಲ್ಲಿ ನೀರು ಹಾಕಿ ನಿಲ್ಲಿಸಿದರೆ ಮುಗಿಯಿತು. ನೀರಿಗೆ ತಾಗುವ ಎಲೆಗಳನ್ನೆಲ್ಲ ಕಿತ್ತಿರಬೇಕು, ಚೆಂಡುಹೂವಿನ ಎಲೆ ಕೊಳೆತ ನೀರು ಬಹಳ ನಾರುತ್ತದೆ. ಬಾಳೆಹಣ್ಣಿನ ಬುಟ್ಟಿ ಪಕ್ಕದಲ್ಲಿ ಇರಬಾರದು. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಹೂವು ಬೇಗ ಮುದುಡುತ್ತದೆ.

ಬೇಸಿಗೆಯಲ್ಲಿ ತೋಟದ ಅಡಿಕೆ ಸಿಂಗಾರ, ಅಂದರೆ ಅಡಿಕೆಯ ಹೂಗೊಂಚಲು. ಆಗಷ್ಟೇ ಹೊಂಬಾಳೆ ಬಿರಿದು ಹೊರಬಂದ ಸಿಂಗಾರದ ಕೆನೆಬಣ್ಣವನ್ನು ಯಾವ ಅಂಗಡಿಯ ಹೂವಿಗೂ ಹೋಲಿಸಲಾರೆ. ಒಂದು ಸಿಂಗಾರವೆಂದರೆ ಅಷ್ಟು ಅಡಿಕೆ ಬಿಟ್ಟಂತೆ. ಹಾಗಾಗಿ ವರ್ಷಕ್ಕೆ ಒಂದೇ ಸಲ, ಯುಗಾದಿಯ ಊಟಕ್ಕೆ, ಹಾಳೆಯ ಮೇಲೆ ಮಲಗಿಸಿ ಸುತ್ತ ಮಾವಿನ ಚಿಗುರು ಇಡುತ್ತೇನೆ.

ಅತ್ತೆಯವರದು ಒಂದೇ ಮಾತು: "ಮೊದಲು ದೇವರಿಗೆ ಕೊಯ್ದಿಡು, ಆಮೇಲೆ ಮೇಜಿಗೆ." ಅದನ್ನು ಒಂದು ದಿನವೂ ತಪ್ಪಿಸಿಲ್ಲ. ಕಳೆದ ಶ್ರಾವಣದಲ್ಲಿ ನಾದಿನಿ ತನ್ನ ಮಗಳೊಂದಿಗೆ ಬಂದಿದ್ದಳು, ಅಂದು ಬಯಕೆ ಊಟದಲ್ಲಿ ಹೊಟ್ಟೆಯೊಳಗಿದ್ದ ಮಗು. ಊಟವಾದ ಮೇಲೆ ಆ ಹುಡುಗಿ ದಿಂಡಿನಿಂದ ಕಡುಗೆಂಪು ಡೇರೆಯೊಂದನ್ನು ಕಿತ್ತು ಅಜ್ಜಿಯ ತುರುಬಿಗೆ ಮುಡಿಸಿದಳು. ಉಳಿದವನ್ನು ಬಂದವರೆಲ್ಲ ಹಂಚಿಕೊಂಡರು. ಬರಿದಾದ ದಿಂಡನ್ನು ಕೊಚ್ಚಿ ಕೊಟ್ಟಿಗೆಗೆ ಒಯ್ದೆ, ದನ ಪೂರ್ತಿ ತಿಂದಿತು.