ಬೆಟ್ಟದೂರಿನ ಕೊಳಚೆ ನೀರು ತಿಳಿಯಾಗುವುದು ಹೇಗೆ?

ಸಕಲೇಶಪುರದ ಬಿಸಿಲೆ ಹತ್ತಿರ ಮಳೆನೀರು ಎರಡು ಸಮುದ್ರಗಳಿಗೆ ಪಾಲಾಗುವ ಜಾಗ ಇದೆ ಅಲ್ವಾ? ಶಿಮ್ಲಾದ ರಿಡ್ಜ್ ಕೂಡ ಅಂಥದ್ದೇ. ಒಂದು ಪಕ್ಕದ ನೀರು ಸಟ್ಲೆಜ್ ಕಡೆ, ಇನ್ನೊಂದು ಪಕ್ಕದ್ದು ಯಮುನೆಯ ಕಡೆ. ಬಚ್ಚಲು, ಟಾಯ್ಲೆಟ್ ನೀರಿಗೂ ಅದೇ ಇಳಿಜಾರು. ಎಲ್ಲವನ್ನೂ ಒಂದೇ ಕಡೆ ಸೇರಿಸಲು ಆಗುವುದಿಲ್ಲ. ಹಾಗಾಗಿ ಊರಿನ ಸುತ್ತ 6 ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ಕಟ್ಟಿದರು. ಲಾಲ್‌ಪಾನಿಯದು ದಿನಕ್ಕೆ 1.93 ಕೋಟಿ ಲೀಟರ್ ಲೆಕ್ಕಕ್ಕೆ ಕಟ್ಟಿದ್ದು, ಢಲ್ಲಿಯದು ಬರೀ 7.6 ಲಕ್ಷ ಲೀಟರ್‌ದು.

1. ಇಳಿಸುವುದು. ಇಳಿಜಾರಿದೆ, ಪಂಪ್ ಖರ್ಚಿಲ್ಲ, ಹಾಗಾಗಿ ಸುಲಭ ಅಂದುಕೊಳ್ಳಬೇಡಿ. ಪೈಪಿನಲ್ಲಿ ನೀರು ಸೆಕೆಂಡಿಗೆ 0.6 ಮೀಟರ್‌ಗಿಂತ ನಿಧಾನವಾದರೆ ಹೂಳು ಕೂರುತ್ತದೆ. 3 ಮೀಟರ್ ದಾಟಿದರೆ ಮರಳು ಪೈಪಿನ ತಳವನ್ನೇ ಉಜ್ಜಿ ತೆಗೆಯುತ್ತದೆ. ಅದಕ್ಕೇ ಅಲ್ಲಲ್ಲಿ ಮ್ಯಾನ್‌ಹೋಲ್ ಒಳಗೆ ನೀರನ್ನು ಮೆಟ್ಟಿಲಿನ ಹಾಗೆ ಕೆಳಕ್ಕೆ ಬೀಳಿಸುತ್ತಾರೆ.

2. ಸೋಸುವುದು. ಕಬ್ಬಿಣದ ಸರಳುಗಳಿಗೆ ಬಟ್ಟೆ, ಪ್ಲಾಸ್ಟಿಕ್ ಸಿಕ್ಕಿಕೊಳ್ಳುತ್ತವೆ. ಮುಂದಿನ ತೊಟ್ಟಿಯಲ್ಲಿ ಮರಳು ಕೂರುತ್ತದೆ.

3. ಹೆಪ್ಪು ಹಾಕುವುದು. ಎಸ್‌ಟಿಪಿಯಲ್ಲಿ ನಿಜವಾದ ಕೆಲಸಗಾರರು ಬ್ಯಾಕ್ಟೀರಿಯಾಗಳು. ಕೊಳಚೆಯೇ ಅವುಗಳ ಊಟ. ಶಿಮ್ಲಾದಲ್ಲಿ ಬಳಸುವುದು ಎಕ್ಸ್‌ಟೆಂಡೆಡ್ ಏರೇಷನ್ ವಿಧಾನ. ಅಂದರೆ ಹೆಚ್ಚೂಕಡಿಮೆ ಇಡೀ ದಿನ ತೊಟ್ಟಿಗೆ ಗಾಳಿ ಊದುತ್ತಲೇ ಇರುವುದು. ಆಮೇಲೆ ಇನ್ನೊಂದು ತೊಟ್ಟಿಯಲ್ಲಿ ನೀರನ್ನು ಅಲ್ಲಾಡಿಸದೆ ಬಿಡುತ್ತಾರೆ. ಬ್ಯಾಕ್ಟೀರಿಯಾಗಳ ಕೆಸರು ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿ ಮುಂದಕ್ಕೆ ಹೋಗುತ್ತದೆ. ಕೆಸರಿನಲ್ಲಿ ಒಂದು ಪಾಲನ್ನು ಮತ್ತೆ ಗಾಳಿ ತೊಟ್ಟಿಗೇ ಸುರಿಯುತ್ತಾರೆ. ನಿನ್ನೆಯ ಮೊಸರು ಇವತ್ತಿನ ಹಾಲಿಗೆ ಹೆಪ್ಪು ಅಲ್ವಾ, ಅದೇ ಲೆಕ್ಕ.

ಹೆಪ್ಪು ಅಂದಮೇಲೆ ಚಳಿಯ ಕಾಟ ಇದ್ದೇ ಇದೆ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಅಡುಗೆಮನೆಯಲ್ಲೇ ಇಡ್ಲಿ ಹಿಟ್ಟು ಉಬ್ಬುವುದಕ್ಕೆ ಹಟ ಮಾಡುತ್ತದೆ. ಹಿಮ ಬೀಳುವ ಊರಿನ ಗತಿ ಏನು? ನೀರು 10 ಡಿಗ್ರಿ ತಣ್ಣಗಾದರೆ ಬ್ಯಾಕ್ಟೀರಿಯಾಗಳ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆಗ ಕೆಸರನ್ನು ಜಾಸ್ತಿ ದಿನ ಒಳಗೇ ಉಳಿಸಿಕೊಂಡು, ಕೆಲಸಗಾರರ ಸಂಖ್ಯೆ ಹೆಚ್ಚಿಸಬೇಕು.

ತೊಟ್ಟಿಯ ಆರೋಗ್ಯ ನೋಡಲು ದೊಡ್ಡ ಯಂತ್ರ ಬೇಡ. ಆಪರೇಟರ್ ಒಂದು ಲೀಟರ್ ಗಾಜಿನ ಜಾಡಿಯಲ್ಲಿ ನೀರು ತುಂಬಿ 30 ನಿಮಿಷ ಸುಮ್ನೆ ಇಡುತ್ತಾನೆ. ಚಾಕೊಲೇಟ್ ಬಣ್ಣದ ಕೆಸರು ಕಾಲುಭಾಗಕ್ಕೆ ಇಳಿದು, ಮೇಲೆ ತಿಳಿ ನಿಂತು, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಸರಿ. ಕಪ್ಪಾಗಿ ಕೊಳೆತ ಮೊಟ್ಟೆ ನಾತ ಹೊಡೆದರೆ ಗಾಳಿ ಸಾಲದು.

4. ಕ್ಲೋರಿನ್. ಅರ್ಧ ಗಂಟೆಯಾದರೂ ಬೆರೆತಿರಬೇಕು. ಮೂರನೇ ಹಂತ ಕೆಟ್ಟಿದ್ದರೆ ಇದೂ ದಂಡ. ಕದಡಿದ ನೀರಿನಲ್ಲಿ ಕ್ಲೋರಿನ್ ಕೊಳೆಯ ಜೊತೆ ಗುದ್ದಾಡಿಯೇ ಮುಗಿದುಹೋಗುತ್ತದೆ, ವೈರಸ್‌ವರೆಗೆ ತಲುಪುವುದಿಲ್ಲ.

5. ಮಿಕ್ಕ ಕೆಸರು. ಬಯಲುಸೀಮೆಯಲ್ಲಾದರೆ ಬಿಸಿಲಿಗೆ ಹರಡಿದರೆ ಮುಗಿಯಿತು. ಬೆಟ್ಟದಲ್ಲಿ ಸಮತಟ್ಟು ಜಾಗವೂ ಇಲ್ಲ, ಮಳೆ ಹಿಮದ ತಿಂಗಳುಗಳಲ್ಲಿ ಬಿಸಿಲೂ ಇಲ್ಲ. ಯಂತ್ರದಲ್ಲಿ ಹಿಂಡಿ ಲಾರಿಗೆ ಹಾಕಿ ಸಾಗಿಸಬೇಕು. ದುಡ್ಡು ಉಳಿಸಲು ಹೋದರೆ ಅದು ರಾತ್ರೋರಾತ್ರಿ ಹಳ್ಳ ಸೇರುತ್ತದೆ. ನನ್ನ ಪ್ರಕಾರ ಒಂದು ಎಸ್‌ಟಿಪಿ ಹೇಗಿದೆ ಅಂತ ತಿಳಿಯಬೇಕಾದರೆ ಮೊದಲು ಕೇಳಬೇಕಾದದ್ದು ಈ ಕೆಸರಿನ ಲೆಕ್ಕವನ್ನೇ.

6. ಕೆಳಗೆ ಯಾರು ಕುಡಿಯುತ್ತಾರೆ ನೋಡುವುದು. ಮಲ್ಯಾಣಾ ಎಸ್‌ಟಿಪಿಯ ನೀರು ಇಳಿಯುವುದು ಅಶ್ವನಿ ಖಡ್ ಎಂಬ ಹಳ್ಳದ ಕಡೆಗೆ. ಕೆಳಗೆ ಅದೇ ಹಳ್ಳದಿಂದ ನೀರೆತ್ತಿ ಶಿಮ್ಲಾಕ್ಕೆ ವಾಪಸ್ ಪಂಪ್ ಮಾಡುತ್ತಿದ್ದರು! 2015ರ ಡಿಸೆಂಬರ್‌ನಲ್ಲಿ ಊರಲ್ಲಿ ಕಾಮಾಲೆ ಹಬ್ಬಿತು. ಅದು ಹೆಪಟೈಟಿಸ್ ಇ, ಕೊಳಚೆ ಬೆರೆತ ನೀರಿನಿಂದ ಬರುವಂಥದ್ದು. 2016ರ ಜನವರಿಯಲ್ಲಿ ಅಶ್ವನಿ ಖಡ್‌ನಿಂದ ನೀರೆತ್ತುವುದನ್ನೇ ನಿಲ್ಲಿಸಬೇಕಾಯಿತು.

ನೀವು ಅಂಥ ಊರಿಗೆ ಟ್ರಿಪ್ ಹೊರಟಿದ್ದರೆ ಒಂದು ಮಾತು. ಶಿಮ್ಲಾ ಇರುವುದು ಸುಮಾರು 2,200 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 93 ಡಿಗ್ರಿಯ ಹತ್ತಿರವೇ ಕುದಿಯಲು ಶುರುವಾಗುತ್ತದೆ. ಗುಳ್ಳೆ ಎದ್ದ ತಕ್ಷಣ ಒಲೆ ಆರಿಸಬೇಡಿ. ಇಲ್ಲಿ ಒಂದು ನಿಮಿಷ ಕುದಿಸಿದರೆ ಸಾಕಾಗುವ ನೀರನ್ನು ಅಲ್ಲಿ ಮೂರು ನಿಮಿಷ ಕುದಿಸಿ.