‘ಎಲ್ಲರಿಗೂ ಉಚಿತ’ ಮಾಡುವುದು ಹೇಗೆ?

ಶಾಲೆ, ಆಸ್ಪತ್ರೆ ಎಲ್ಲರಿಗೂ ಸಿಗಬೇಕು ಎಂದರೆ ತಕರಾರು ಕಡಿಮೆ. ಅದೇ ಮಾತು ಬಸ್ಸಿಗೆ, ನೀರಿಗೆ, ಮಕ್ಕಳ ಊಟಕ್ಕೆ ಬಂದಾಗ ತಲೆ ಕೆರೆದುಕೊಳ್ಳುವವರೇ ಜಾಸ್ತಿ. ಆಗದ ಕೆಲಸವೇನಲ್ಲ. ಆದರೆ ಮೂರನೇ ಹೆಜ್ಜೆಯಲ್ಲಿ ಎಡವಿದವರನ್ನು ಎಷ್ಟೋ ಸಲ ನೋಡಿದ್ದೇನೆ.

ಹೆಜ್ಜೆ 1: ಬಸ್ಸೋ, ನೀರೋ, ಊಟವೋ, ಇಂಟರ್‌ನೆಟ್ಟೋ, ಒಂದನ್ನು ಆರಿಸಿಕೊಳ್ಳಿ.

ಹೆಜ್ಜೆ 2: ಎಷ್ಟು ಎಂದು ಗೊತ್ತುಮಾಡಿ. ಊಟಕ್ಕೆ ಈ ಚಿಂತೆ ಬೇಡ, ಹೊಟ್ಟೆಯೇ ಸಾಕು ಅನ್ನುತ್ತದೆ. ನೀರು, ಕರೆಂಟಿಗೆ ಮಾತ್ರ ಅಳತೆ ಬೇಕು. ದಕ್ಷಿಣ ಆಫ್ರಿಕಾ 2001ರಲ್ಲಿ ಮನೆಗೆ ತಿಂಗಳಿಗೆ 6,000 ಲೀಟರ್ ನೀರು ಉಚಿತ ಎಂದಿತು. ಎಂಟು ಜನರ ಮನೆ, ದಿನಕ್ಕೆ ತಲಾ 25 ಲೀಟರ್ ಎಂಬ ಲೆಕ್ಕ. ಹನ್ನೆರಡು ಜನ ಇದ್ದರೆ? ಅದಕ್ಕೇ ತಲೆ ಎಣಿಸಿ, ಮನೆ ಎಣಿಸಬೇಡಿ.

ಹೆಜ್ಜೆ 3: ಯಾರಿಗೆ? ಕೆಡುವುದೆಲ್ಲ ಇಲ್ಲೇ. ‘ಉಳ್ಳವರಿಗೂ ಯಾಕೆ ಪುಕ್ಕಟೆ?’ ಎಂದು ಯಾರೋ ಕೇಳುತ್ತಾರೆ. ಸಭೆಯೆಲ್ಲ ತಲೆಯಾಡಿಸುತ್ತದೆ. ಅಲ್ಲಿಗೆ ಒಂದು ಗೆರೆ ಬಿತ್ತು. ಗೆರೆ ಬಿದ್ದರೆ ಅರ್ಜಿ ಬೇಕು. ಅರ್ಜಿಗೆ ಆದಾಯದ ಪತ್ರ, ಪತ್ರ ನೋಡಲು ಗುಮಾಸ್ತ, ಗುಮಾಸ್ತನ ಮುಂದೆ ಕ್ಯೂ. ಒಂದು ದಿನದ ಕೂಲಿ ಬಿಟ್ಟು ಕ್ಯೂನಲ್ಲಿ ನಿಲ್ಲಲು ಆಗದವನು ಹೊರಗೇ ಉಳಿಯುತ್ತಾನೆ. ಯೋಜನೆ ಮಾಡಿದ್ದು ಅವನಿಗೇ ಅಲ್ವಾ?

ಭಾರತದ ಪಡಿತರ ನೋಡಿ. 1997ರಲ್ಲಿ ಬಡತನದ ಗೆರೆಯ ಮೇಲಿನವರು, ಕೆಳಗಿನವರು ಎಂದು ಭಾಗ ಮಾಡಿದರು. ನಿಜವಾದ ಬಡವರು ಎಷ್ಟೋ ಜನ ಪಟ್ಟಿಯಿಂದ ಬಿದ್ದುಹೋದರು, ಅನುಕೂಲಸ್ಥರ ಕೈಗೂ ಕಾರ್ಡ್ ಬಂತು. ತಮಿಳುನಾಡು ಮಾತ್ರ ಎಲ್ಲರಿಗೂ ಕೊಡುವುದನ್ನು ಬಿಡಲಿಲ್ಲ. ಸೋರಿಕೆ ಕಡಿಮೆ ಎಂಬ ಹೆಸರು ಬಂದದ್ದೂ ಅದಕ್ಕೇ.

ಫಿನ್ಲೆಂಡ್ ಶಾಲೆ ಊಟದ ಕಾನೂನು ಮಾಡಿದ್ದು 1943ರಲ್ಲಿ. 1948ರಿಂದ ಎಲ್ಲ ಮಕ್ಕಳಿಗೂ ಉಚಿತ. ಧಣಿಯ ಮಗ, ಕೂಲಿಯವನ ಮಗ ಒಂದೇ ಸಾಲಿನಲ್ಲಿ ತಟ್ಟೆ ಹಿಡಿಯುತ್ತಾರೆ. ಊಟ ಕೆಟ್ಟರೆ ಧಣಿಯೂ ಬಂದು ಜಗಳ ಆಡುತ್ತಾನೆ. ಅವನ ಜಗಳಕ್ಕೆ ಅಡುಗೆಮನೆ ಬೇಗ ಸರಿಯಾಗುತ್ತದೆ. ಅವನಿಗೆ ಕೊಟ್ಟ ಊಟದ ದುಡ್ಡನ್ನು ತೆರಿಗೆಯಲ್ಲಿ ವಾಪಸ್ ತೆಗೆದುಕೊಳ್ಳಿ. ಆ ಜರಡಿ ಆಗಲೇ ಇದೆ, ಇನ್ನೊಂದು ಯಾಕೆ?

ಈ ಹೊತ್ತಿಗೆ ಆ್ಯಪ್, ಸ್ಮಾರ್ಟ್ ಕಾರ್ಡ್, ಬೆರಳಚ್ಚು ಯಂತ್ರ ಮಾರುವವರು ಬಾಗಿಲು ತಟ್ಟುತ್ತಾರೆ. ಕಾಫಿ ಕೊಟ್ಟು ಕಳಿಸಿ. ಕಲ್ಲು, ಮಣ್ಣು ಹೊತ್ತು ಬೆರಳು ಸವೆದವರನ್ನು ಆ ಯಂತ್ರ ಗುರುತೇ ಹಿಡಿಯುವುದಿಲ್ಲ. ಲಕ್ಸೆಂಬರ್ಗ್ 2020ರಲ್ಲಿ ದೇಶದೊಳಗಿನ ಬಸ್ಸು, ಟ್ರಾಮ್, ರೈಲು ಉಚಿತ ಮಾಡಿತು. ಹತ್ತಿ ಕೂತರೆ ಮುಗಿಯಿತು, ಪರದೇಶದ ಪ್ರವಾಸಿಗೂ ಅಷ್ಟೇ. ರೈಲಿನ ಮೊದಲ ದರ್ಜೆಗೆ ಮಾತ್ರ ಟಿಕೆಟ್. ಬೇರೆ ಕೂರಬೇಕು ಅನ್ನುವವರು ದುಡ್ಡು ಕೊಟ್ಟು ಕೂರಲಿ.

ಹೆಜ್ಜೆ 4: ಉಚಿತ ಎನ್ನುವ ಮೊದಲು ಬಸ್ಸು ಹೆಚ್ಚಿಸಿ. ಫ್ರಾನ್ಸಿನ ಡಂಕರ್ಕ್ 2018ರಲ್ಲಿ ಟಿಕೆಟ್ ತೆಗೆದಾಗ ಮಾರ್ಗಗಳನ್ನೂ ಹೊಸದಾಗಿ ಹಾಕಿತು. ಮುಖ್ಯ ಮಾರ್ಗಗಳಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು. ಮೊದಲು ಘೋಷಣೆ, ಆಮೇಲೆ ಬಸ್ಸು ಎಂದರೆ ತುಂಬಿದ ಬಸ್ಸು ನಿಲ್ಲಿಸದೇ ಹೋಗುತ್ತದೆ. ಬೈಗುಳ ಬೀಳುವುದು ಕಂಡಕ್ಟರ್‌ಗೆ.

ಹೆಜ್ಜೆ 5: ದುಡ್ಡು. ಬ್ರಿಟನ್ 1948ರಲ್ಲಿ ಚಿಕಿತ್ಸೆ ಎಲ್ಲರಿಗೂ ಉಚಿತ ಮಾಡಿದಾಗ ಕನ್ನಡಕಕ್ಕೆ, ಕಟ್ಟಿಸುವ ಹಲ್ಲಿಗೆ ಜನ ಮುಗಿಬಿದ್ದರು. ವರ್ಷಗಟ್ಟಲೆ ಇಲ್ಲದೇ ಕಳೆದವರು, ಪಾಪ. ಖರ್ಚು ಅಂದಾಜು ಮೀರಿತು. 1951ರಲ್ಲಿ ಆ ಎರಡಕ್ಕೂ ಶುಲ್ಕ ಬಂತು. ಸೇವೆ ಕಟ್ಟಿದ ಅನ್ಯೂರಿನ್ ಬೆವನ್ ಮಂತ್ರಿಗಿರಿಯನ್ನೇ ಬಿಟ್ಟರು. ಇಷ್ಟು ದಿನ ತಡೆದುಕೊಂಡಿದ್ದವರೆಲ್ಲ ಮೊದಲ ಎರಡು ವರ್ಷದಲ್ಲೇ ಬರುತ್ತಾರೆ. ಅದಕ್ಕೆಂದು ಒಂದು ಗಂಟು ಬೇರೆಯೇ ಎತ್ತಿಡಿ, ಮಾಮೂಲಿ ಖರ್ಚಿಗೆ ಸೇರಿಸಬೇಡಿ.