ಸ್ವಭಾವ ಅಳೆಯುವ ಪ್ರಶ್ನಾವಳಿ ಮಾಡೋದು ಹೇಗೆ?

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳ ಕೆಲಸಗಾರರ ಸ್ವಭಾವದ ಮೇಲೆ ಪ್ರಾಜೆಕ್ಟ್ ಮಾಡ್ತಿದ್ದೀರಿ ಅಂತಿಟ್ಟುಕೊಳ್ಳಿ. ಹೆಚ್ಚಿನವರು ನೆಟ್‌ನಿಂದ ಒಂದು ಇಂಗ್ಲಿಷ್ ಪ್ರಶ್ನಾವಳಿ ಇಳಿಸಿಕೊಂಡು, ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸಿ, ಜೆರಾಕ್ಸ್ ಹೊಡೆಸಿ ಹಂಚಿಬಿಡುತ್ತಾರೆ. ಹಾಗೆ ಮಾಡಬೇಡಿ.

ಮೊದಲು ಒಂದೇ ಗುಣ ಹಿಡಿಯಿರಿ. ಸ್ವಭಾವ ವಿವರಿಸಲು ಮನೋವಿಜ್ಞಾನದವರು ಬಳಸುವ ಬಿಗ್ ಫೈವ್ ಅಂತ ಐದು ಗುಣಗಳ ಪಟ್ಟಿ ಇದೆ, ಐದನ್ನೂ ಒಟ್ಟಿಗೆ ಹಿಡಿಯಲು ಹೋದರೆ ಯಾವುದೂ ಕೈಗೆ ಸಿಗಲ್ಲ. ಅದರಲ್ಲಿ ಒಂದಾದ ಅಚ್ಚುಕಟ್ಟುತನ ಸಾಕು.

ಈಗ ವಾಕ್ಯಗಳು. ನಿಜವಾದ ಕೆಲಸ ಇಲ್ಲೇ ಇರೋದು. ‘ನಾನು ಶಿಸ್ತಿನ ಮನುಷ್ಯ’ ಅಂತ ಬರೆದರೆ ಅಲ್ಲ ಅನ್ನೋರು ಯಾರು? ಒಳ್ಳೆಯವರಾಗಿ ಕಾಣಬೇಕು ಅನ್ನೋದು ಎಲ್ಲರಿಗೂ ಇರುತ್ತೆ, ಕೇಳೋರು ಕಾಲೇಜಿನವರು ಅಂದ್ರೆ ಇನ್ನೂ ಜಾಸ್ತಿ. ಬದಲಿಗೆ ಅವರು ದಿನಾ ಮಾಡೋದನ್ನೇ ಕೇಳಿ: ‘ಮನೆಗೆ ಹೋಗುವ ಮೊದಲು ಮಷಿನ್ ಸುತ್ತ ಬಿದ್ದ ದಾರ, ಬಟ್ಟೆ ಚೂರು ತೆಗೆಯುತ್ತೇನೆ.’ ಒಂದು ವಾಕ್ಯಕ್ಕೆ ಒಂದೇ ವಿಷಯ. ‘ಬೇಗ ಮುಗಿಸುತ್ತೇನೆ, ತಪ್ಪೂ ಮಾಡಲ್ಲ’ ಅಂದ್ರೆ, ಬೇಗ ಮುಗಿಸಿ ತಪ್ಪೂ ಮಾಡೋರು ಎಲ್ಲಿ ಟಿಕ್ ಹಾಕಬೇಕು?

ಉತ್ತರಕ್ಕೆ ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪಲ್ಲ’ವರೆಗೆ ಐದು ಹಂತ ಇಡಿ, ಅಂಕ 5ರಿಂದ 1ರವರೆಗೆ. 1932ರಲ್ಲಿ ಅಮೆರಿಕದ ಮನೋವಿಜ್ಞಾನಿ ರೆನ್ಸಿಸ್ ಲೈಕರ್ಟ್ ತಂದ ಈ ಪದ್ಧತಿ ಇಂದಿಗೂ ನಡೀತಿದೆ. ತೊಂದರೆ ಏನಂದ್ರೆ, ಕೆಲವರು ಓದದೇನೇ ಎಲ್ಲದಕ್ಕೂ ಹೂಂ ಅಂತಾರೆ. ಅದಕ್ಕೇ ನಡುನಡುವೆ ತಿರುವುಮುರುವು ವಾಕ್ಯ ಬೇಕು, ಅಂದ್ರೆ ಹೂಂ ಅಂದರೆ ಅಚ್ಚುಕಟ್ಟು ಕಡಿಮೆ ಅಂತ ಅರ್ಥ ಬರೋದು: ‘ಕತ್ತರಿ ಎಲ್ಲಿಟ್ಟೆ ಅಂತ ದಿನಾ ಹುಡುಕುತ್ತೇನೆ.’ ‘ಜಾಗದಲ್ಲಿ ಇಡುವುದಿಲ್ಲ’ ಅಂತ ಬರೆಯಬೇಡಿ, ಇಲ್ಲಕ್ಕೆ ಇಲ್ಲ ಸೇರಿ ಓದೋರ ತಲೆ ಕೆಡುತ್ತೆ. ಅಂಕ ಹಾಕುವಾಗ ಇವುಗಳ ಅಂಕವನ್ನು 6ರಿಂದ ಕಳೆಯಿರಿ. 5 ಇದ್ದದ್ದು 1 ಆಗುತ್ತೆ.

ಹಂಚೋ ಮೊದಲು ಐದಾರು ಜನರ ಹತ್ತಿರ ಚಹಾ ಹೊತ್ತಲ್ಲಿ, ಮಾಲೀಕರು ಹತ್ತಿರ ಇಲ್ಲದಾಗ ಕೂತು ಒಂದೊಂದೇ ವಾಕ್ಯ ಓದಿ, ‘ಏನ್ ಅರ್ಥ ಆಯ್ತು, ನಿಮ್ಮ ಮಾತಲ್ಲಿ ಹೇಳ್ರಿ’ ಅನ್ನಿ. ಬಳ್ಳಾರಿಯಲ್ಲಿ ಮನೆಮಾತು ತೆಲುಗು, ಉರ್ದು ಇರೋರು ಬಹಳ, ಅವರನ್ನೂ ಕೂರಿಸಿ. ತಡವರಿಸಿದ ವಾಕ್ಯ ತೆಗೆದುಹಾಕಿ, ಎಷ್ಟೇ ಇಷ್ಟವಾಗಿದ್ದರೂ ಸರಿ. ಓದು ಬಾರದವರಿಗೆ ನೀವೇ ಓದಿ, ಆದ್ರೆ ಎಲ್ಲರಿಗೂ ಒಂದೇ ಥರ.

ಹಂಚಿ, ಉತ್ತರ ಬಂದಮೇಲೆ ಲೆಕ್ಕ. ಒಟ್ಟು ಅಂಕದ ಜೊತೆ ಹೊಂದದ ವಾಕ್ಯ, ಅಂದ್ರೆ ಒಟ್ಟು ಅಂಕ ಜಾಸ್ತಿ ಇದ್ದೋರಿಗೂ ಜಾಸ್ತಿ ಅಂಕ ಬರದ ವಾಕ್ಯ ಬಿಡಿ. 1951ರಲ್ಲಿ ಅಮೆರಿಕದ ಮನೋವಿಜ್ಞಾನಿ ಲೀ ಕ್ರೋನ್‌ಬ್ಯಾಕ್ ವಿವರಿಸಿದ, ವಾಕ್ಯಗಳ ಹೊಂದಾಣಿಕೆ ತೋರಿಸುವ ಆಲ್ಫಾ ಅನ್ನೋ ಅಂಕಿ 0.7 ದಾಟಿದರೆ ಗೈಡ್ ಖುಷಿಯಾಗ್ತಾರೆ. ನೀವು ಆಗಬೇಡಿ. ಒಂದೇ ಪ್ರಶ್ನೆಯನ್ನ ಹತ್ತು ಥರ ಕೇಳಿದರೂ ಆಲ್ಫಾ ಏರುತ್ತೆ. ವಾಕ್ಯಗಳು ಒಂದಕ್ಕೊಂದು ಹೊಂದುತ್ತವೆ ಅಂತ ಅಷ್ಟೇ ಅದು ಹೇಳೋದು, ಅಳೆದದ್ದು ಅಚ್ಚುಕಟ್ಟುತನವೇನಾ ಅಂತಲ್ಲ. ಅದಕ್ಕೆ ಜೊತೆ ಕೆಲಸ ಮಾಡೋರು ಅವರ ಬಗ್ಗೆ ಏನಂತಾರೆ ನೋಡಿ. ಅಂಕ ಬದಲಾಗದೆ ನಿಲ್ಲುತ್ತಾ ಅಂತ ತಿಳಿಯೋಕೆ ಎರಡು ವಾರ ಬಿಟ್ಟು ಅದೇ ಜನರಿಗೆ ಅದೇ ಹಾಳೆ ಮತ್ತೆ ಕೊಡಿ. ಹಾಳೆ ಮೇಲೆ ಹೆಸರು ಬೇಡ, ಎರಡೂ ಸಲದ ಹಾಳೆ ಜೋಡಿಸಲು ಅವರೇ ಆರಿಸಿಕೊಂಡ ಒಂದು ಗುರುತು ಸಾಕು.